ಊರವರೇ ಕಟ್ಟುವ ಹೈಸ್ಕೂಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಹೈಸ್ಕೂಲು ಶುರು ಮಾಡಬೇಕು ಅಂತ ಹೊರಟವರು ಕೇಳುವ ಪ್ರಶ್ನೆಗಳು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಅವರು ಕೇಳದೇ ಬಿಡುವ ಪ್ರಶ್ನೆಗಳೂ ಒಂದೇ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಕೆಲವು ಉತ್ತರ ಉದ್ದ ಇವೆ, ಕೆಲವು ಎರಡೇ ಸಾಲು. ಎಲ್ಲಿ ತಲೆನೋವು ಜಾಸ್ತಿಯೋ ಅಲ್ಲಿ ಮಾತೂ ಜಾಸ್ತಿ.

ಸಮುದಾಯ ಪ್ರೌಢಶಾಲೆ ಅಂದರೆ ಖಾಸಗಿ ಶಾಲೆಯೇ ಅಲ್ವಾ?

ಕಾಗದದ ಮೇಲೆ ಹಲವು ದೇಶಗಳಲ್ಲಿ ಹೌದು. ಆದರೆ ಮೂರು ಪ್ರಶ್ನೆ ಕೇಳಿ ನೋಡಿ. ವರ್ಷದ ಕೊನೆಗೆ ದುಡ್ಡು ಉಳಿದರೆ ಅದು ಎಲ್ಲಿಗೆ ಹೋಗುತ್ತದೆ? ಹೆಡ್‌ಮಾಸ್ಟರನ್ನು ನೇಮಿಸುವವರು ಯಾರು? ಮಗುವಿನ ಅಪ್ಪ ಅಥವಾ ಅಮ್ಮ ಬಂದು ಲೆಕ್ಕದ ಪುಸ್ತಕ ತೋರಿಸಿ ಅಂದರೆ ತೋರಿಸುತ್ತಾರಾ? ಉಳಿದ ದುಡ್ಡು ಶಾಲೆಗೇ ಹೋಗಿ, ನೇಮಕ ಒಂದೇ ಮನೆಯವರ ಕೈಲಿ ಇರದೆ, ಲೆಕ್ಕ ಎಲ್ಲರಿಗೂ ತೆರೆದಿದ್ದರೆ ಅದು ಸಮುದಾಯದ ಶಾಲೆ. ಬೋರ್ಡಿನ ಮೇಲೆ ಏನು ಬರೆದಿದೆ ಅನ್ನುವುದು ಆಮೇಲಿನ ಮಾತು.

ಇದು ಹೊಸ ಯೋಚನೆಯೇ?

ಇಲ್ಲ, ಬಹಳ ಹಳೆಯದು. ಡೆನ್ಮಾರ್ಕಿನಲ್ಲಿ 1849ರ ಸಂವಿಧಾನದಿಂದಲೇ ಮಕ್ಕಳಿಗೆ ಶಿಕ್ಷಣ ಕಡ್ಡಾಯ, ಆದರೆ ಸರ್ಕಾರಿ ಶಾಲೆಗೇ ಕಳಿಸಬೇಕೆಂಬ ಕಡ್ಡಾಯ ಇಲ್ಲ. ತಂದೆ ತಾಯಿಯರು ಸೇರಿ ಶಾಲೆ ನಡೆಸುವ ಪದ್ಧತಿ ಅಲ್ಲಿ ಇವತ್ತಿಗೂ ಇದೆ. ಸರ್ಕಾರ ಖರ್ಚಿನ ದೊಡ್ಡ ಪಾಲು ಕೊಡುತ್ತದೆ, ಉಳಿದದ್ದನ್ನು ಪೋಷಕರು ಹಾಕುತ್ತಾರೆ.

ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಒಂದು ಶಾಲೆಯಿಂದ ಕೆಎಲ್‌ಇ ಸಂಸ್ಥೆ ಶುರು ಮಾಡಿದರು. ಆ ಶಾಲೆಗೆ ಆಮೇಲೆ ಗಿಲಗಂಚಿ ಅರಟಾಳ ಹೈಸ್ಕೂಲು ಅಂತ ಹೆಸರಾಯಿತು, ಎರಡೂ ದಾನಿಗಳ ಹೆಸರು. ಮೂರು ವರ್ಷದ ನಂತರ, 1919ರಲ್ಲಿ, ಮಹಾರಾಷ್ಟ್ರದಲ್ಲಿ ಭಾವೂರಾವ್ ಪಾಟೀಲರು ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. ಮನೆ ಮನೆಯಿಂದ ಒಂದೊಂದು ಮುಷ್ಟಿ ಧಾನ್ಯ ಎತ್ತಿ ಹಾಸ್ಟೆಲು ನಡೆಸಿದರು. ಅದೂ ಸಾಲದಾದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ಮಕ್ಕಳ ಊಟಕ್ಕಾಗಿ ಮೈಮೇಲಿನ ಒಡವೆ ಮಾರಿದರು.

ಎಲ್ಲಕ್ಕಿಂತ ದೊಡ್ಡ ಪ್ರಯೋಗ ನಡೆದದ್ದು ಕೀನ್ಯಾದಲ್ಲಿ. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಇದ್ದದ್ದು 151 ಪ್ರೌಢಶಾಲೆ. ಆಗಿನ ಪ್ರಧಾನಿ ಜೋಮೋ ಕೆನ್ಯಾಟಾ ‘ಹರಂಬೆ’ ಅಂತ ಕರೆ ಕೊಟ್ಟರು. ಎಲ್ಲರೂ ಸೇರಿ ಎಳೆಯೋಣ ಅನ್ನುವ ಅರ್ಥದ ಸ್ವಾಹಿಲಿ ಮಾತು ಅದು. ಹಳ್ಳಿಹಳ್ಳಿಯಲ್ಲೂ ಜನ ದುಡ್ಡು ಹಾಕಿ, ಕಲ್ಲು ಹೊತ್ತು ಶಾಲೆ ಎಬ್ಬಿಸಿದರು. ಮುಂದಿನ ದಶಕದ ಹೊತ್ತಿಗೆ ಹರಂಬೆ ಶಾಲೆಗಳ ಸಂಖ್ಯೆ ಸರ್ಕಾರಿ ಪ್ರೌಢಶಾಲೆಗಳನ್ನು ಮೀರಿತು. ಅವುಗಳಲ್ಲಿ ಎಷ್ಟೋ ಕಡೆ ಗೋಡೆ ಎದ್ದಿತ್ತು, ತರಬೇತಿ ಪಡೆದ ಮೇಷ್ಟ್ರು ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ನಮ್ಮಲ್ಲಿ ಶಾಲೆ ಬೇಕೋ ಬೇಡವೋ, ಹೇಗೆ ಗೊತ್ತಾಗುತ್ತದೆ?

ಸಭೆ ಕರೆದು ಕೈ ಎತ್ತಿಸಿದರೆ ಗೊತ್ತಾಗುವುದಿಲ್ಲ. ಸಭೆಯಲ್ಲಿ ಶಾಲೆ ಬೇಡ ಅನ್ನುವವರು ಯಾರಿದ್ದಾರೆ?

ಸುತ್ತಲಿನ ಪ್ರಾಥಮಿಕ ಶಾಲೆಗಳಿಗೆ ಹೋಗಿ. ಕೊನೆಯ ತರಗತಿಯಲ್ಲಿ ಈ ವರ್ಷ ಎಷ್ಟು ಮಕ್ಕಳಿದ್ದಾರೆ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಅಂತ ಹೆಸರು ಹಿಡಿದು ಬರೆದುಕೊಳ್ಳಿ. ಆಮೇಲೆ ಓದು ಬಿಟ್ಟ ಮಕ್ಕಳ ಮನೆಗೆ ಹೋಗಿ. ನೋಟ್‌ಬುಕ್ಕಿನಲ್ಲಿ ನಾಲ್ಕೇ ಕಾಲಂ ಸಾಕು: ಹೆಸರು, ದೂರ, ಯಾಕೆ ಬಿಟ್ಟರು, ಶಾಲೆ ಹತ್ತಿರ ಬಂದರೆ ಸೇರುತ್ತಾರಾ. ಮೂರನೇ ಕಾಲಂನಲ್ಲಿ ‘ಬಸ್ಸಿಲ್ಲ’ ಅಂತ ತುಂಬಿದ್ದರೆ ನಿಮಗೆ ಬೇಕಿರುವುದು ಶಾಲೆಯಲ್ಲ, ಒಂದು ಬಸ್ಸು. ‘ಫೀಸು ಆಗಲ್ಲ’ ಅಂತ ತುಂಬಿದ್ದರೆ ಹೊಸ ಶಾಲೆಯ ಫೀಸೂ ಅವರಿಗೆ ಆಗುವುದಿಲ್ಲ. ‘ಹತ್ತಿರ ಇಲ್ಲ’ ಅಂತ ತುಂಬಿದ್ದರೆ ಮಾತ್ರ ಮುಂದೆ ಓದಿ.

ಇನ್ನೊಂದು ವಿಷಯ. ಬರುತ್ತೇವೆ ಅಂದವರೆಲ್ಲ ಬರುವುದಿಲ್ಲ. ಹೆಸರಾದ ಶಾಲೆಯಲ್ಲಿ ಸೀಟು ಸಿಕ್ಕ ಮಗುವನ್ನು ಬಿಡಿಸಿ, ಹೆಸರೇ ಇಲ್ಲದ ನಿಮ್ಮ ಶಾಲೆಗೆ ಯಾರು ಹಾಕುತ್ತಾರೆ? ಕಮಿಟಿಯವರೇ ತಮ್ಮ ಮಕ್ಕಳನ್ನು ಹಾಕುತ್ತಾರಾ ಅಂತ ಮೊದಲು ಕೇಳಿ. ನಾನು ಕಂಡ ಒಂದು ಕಮಿಟಿಯಲ್ಲಿ ಈ ಪ್ರಶ್ನೆ ಬಂದ ಕೂಡಲೇ ಎಲ್ಲರೂ ಚಹಾ ಲೋಟ ನೋಡತೊಡಗಿದರು.

ಮೊದಲು ಕಟ್ಟಡವೋ, ಮೇಷ್ಟ್ರೋ?

ಮೇಷ್ಟ್ರು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಕಟ್ಟಡಕ್ಕೆ ದುಡ್ಡು ಹುಟ್ಟುತ್ತದೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ಉದ್ಘಾಟನೆಗೆ ಗಣ್ಯರು ಬರುತ್ತಾರೆ, ಫೋಟೋ ಬರುತ್ತದೆ. ಗಣಿತದ ಮೇಷ್ಟ್ರ ಸಂಬಳಕ್ಕೆ ಯಾರ ಹೆಸರನ್ನೂ ಕೆತ್ತಿಸಲು ಆಗುವುದಿಲ್ಲ. ಹಾಗಾಗಿಯೇ ಖಾಲಿ ಕೋಣೆಗಳ ಶಾಲೆಗಳು ಹುಟ್ಟುತ್ತವೆ. ಸ್ವಂತ ಕಟ್ಟಡ ಇಲ್ಲದೆಯೂ ಶಾಲೆ ಶುರುವಾಗುತ್ತದೆ. ಅಮೆರಿಕದಲ್ಲಿ ಚಾರ್ಟರ್ ಶಾಲೆಗಳ, ಅಂದರೆ ಸರ್ಕಾರದ ದುಡ್ಡಿನಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಗಳ, ಮೊದಲ ಕಾನೂನು ಮಾಡಿದ್ದು ಮಿನೆಸೋಟ ರಾಜ್ಯ, 1991ರಲ್ಲಿ. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಶುರುವಾದ ಮೊದಲ ಚಾರ್ಟರ್ ಶಾಲೆ ನಡೆದದ್ದು ಊರಿನ ಆಟೋಟದ ಕೇಂದ್ರದಲ್ಲಿ. ಓದು ಅರ್ಧಕ್ಕೆ ಬಿಟ್ಟ ಹುಡುಗ ಹುಡುಗಿಯರಿಗಾಗಿಯೇ ಇದ್ದ ಶಾಲೆ ಅದು. ಇಂಗ್ಲೆಂಡಿನಲ್ಲಿ 2011ರ ಸೆಪ್ಟೆಂಬರಿನಲ್ಲಿ ಇಂಥದ್ದೇ ಮಾದರಿಯ ಮೊದಲ 24 ‘ಫ್ರೀ ಸ್ಕೂಲು’ಗಳು ಬಾಗಿಲು ತೆರೆದಾಗ ಅವುಗಳಲ್ಲೂ ಕೆಲವು ತಾತ್ಕಾಲಿಕ ಜಾಗದಲ್ಲೇ ಇದ್ದವು.

ಎರಡು ವರ್ಷ ಬಾಡಿಗೆ ಕೋಣೆಯಲ್ಲಿ, ಸಮುದಾಯ ಭವನದಲ್ಲಿ ನಡೆಸಿ. ಅಷ್ಟರಲ್ಲಿ ನಿಮಗೆ ಎಂಥ ಕಟ್ಟಡ ಬೇಕು ಅನ್ನುವುದೂ ತಿಳಿಯುತ್ತದೆ. ಬಿಸಿಲು ಯಾವ ಕಡೆಯಿಂದ ಬೋರ್ಡಿಗೆ ಹೊಡೆಯುತ್ತದೆ, ಮಳೆ ತಗಡಿನ ಮೇಲೆ ಬಿದ್ದಾಗ ಪಾಠ ಕೇಳುತ್ತದಾ, ಸೈಕಲ್ ಎಲ್ಲಿ ನಿಲ್ಲಿಸಬೇಕು, ಇವೆಲ್ಲ ನಕ್ಷೆ ಬರೆಯುವವರಿಗಿಂತ ಎರಡು ವರ್ಷ ಪಾಠ ಮಾಡಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎಷ್ಟು ಮೇಷ್ಟ್ರು ಬೇಕು?

ಪೆನ್ನು ತಗೊಳ್ಳಿ, ಲೆಕ್ಕ ಹಾಕೋಣ. ಒಂದು ತರಗತಿಗೆ ವಾರಕ್ಕೆ 40 ಪೀರಿಯಡ್ ಅಂದುಕೊಳ್ಳಿ. ಪಾಠದ ತಯಾರಿ, ನೋಟ್ಸ್ ತಿದ್ದುವುದಕ್ಕೆ ಸಮಯ ಬಿಟ್ಟು ಒಬ್ಬ ಮೇಷ್ಟ್ರು ವಾರಕ್ಕೆ 28 ಪೀರಿಯಡ್ ತಗೊಳ್ಳಬಹುದು. ಅಂದರೆ ಒಂದು ತರಗತಿಗೆ ಒಂದೂವರೆ ಮೇಷ್ಟ್ರು ಸಾಕು ಅನ್ನುತ್ತದೆ ಲೆಕ್ಕ. ಆದರೆ ಹೈಸ್ಕೂಲಿನಲ್ಲಿ ಗಣಿತದವರು ಬೇರೆ, ವಿಜ್ಞಾನದವರು ಬೇರೆ, ಭಾಷೆಗೆ ಇಬ್ಬರು, ಸಮಾಜಕ್ಕೆ ಒಬ್ಬರು. 25 ಮಕ್ಕಳಿದ್ದರೂ ಐದು ಜನ ಬೇಕೇ ಬೇಕು. ಮೊದಲ ವರ್ಷ ಒಬ್ಬೊಬ್ಬರಿಗೆ ಸಿಗುವುದು ವಾರಕ್ಕೆ ಎಂಟೇ ಪೀರಿಯಡ್.

ಮೂರನೇ ವರ್ಷಕ್ಕೆ ಮೂರು ತರಗತಿ ಆಗುತ್ತದೆ, 120 ಪೀರಿಯಡ್. ಅದೇ ಐದು ಜನ, ತಲೆಗೆ 24. ಈಗ ಲೆಕ್ಕ ಕೂಡುತ್ತದೆ. ಸಂಬಳದ ಖರ್ಚು ಹೆಚ್ಚು ಕಡಿಮೆ ಅಷ್ಟೇ, ಮಕ್ಕಳು ಮಾತ್ರ ಮೂರು ಪಟ್ಟು.

ಇದರ ಅರ್ಥ ಏನು? ಮೊದಲೆರಡು ವರ್ಷ ಶಾಲೆ ನಷ್ಟದಲ್ಲೇ ನಡೆಯುತ್ತದೆ. ಯಾರ ತಪ್ಪೂ ಇಲ್ಲ, ಹೈಸ್ಕೂಲಿನ ಸ್ವಭಾವವೇ ಅದು. ಇದು ಮೊದಲೇ ಗೊತ್ತಿಲ್ಲದ ಕಮಿಟಿಯವರು ಎರಡನೇ ವರ್ಷ ಒಬ್ಬರನ್ನೊಬ್ಬರು ಅನುಮಾನಿಸಲು ಶುರು ಮಾಡುತ್ತಾರೆ. ‘ದುಡ್ಡೆಲ್ಲ ಎಲ್ಲಿ ಹೋಯಿತು’ ಅನ್ನುವ ಜಗಳದಲ್ಲಿ ಅರ್ಧಕ್ಕೆ ಅರ್ಧ ಈ ಲೆಕ್ಕ ಹಾಕದೇ ಇದ್ದದ್ದರಿಂದ ಬಂದದ್ದು.

ವಿಷಯಕ್ಕೊಬ್ಬ ಮೇಷ್ಟ್ರು ಸಿಗದ ಕಡೆ ಬೇರೆ ದಾರಿ ಹುಡುಕಿದವರೂ ಇದ್ದಾರೆ. ಮೆಕ್ಸಿಕೊ 1968ರಲ್ಲಿ ಟೆಲಿಸೆಕುಂಡಾರಿಯಾ ಅನ್ನುವ ಶಾಲೆಗಳನ್ನು ತೆರೆಯಿತು. ಪಾಠ ಟಿವಿಯಲ್ಲಿ ಬರುತ್ತದೆ, ತರಗತಿಗೆ ಒಬ್ಬರೇ ಮೇಷ್ಟ್ರು ಎಲ್ಲ ವಿಷಯಗಳನ್ನೂ ಹಿಡಿದು ನಡೆಸುತ್ತಾರೆ. ದೂರದ ಹಳ್ಳಿಗಳಲ್ಲಿ ಇವತ್ತಿಗೂ ಅದು ನಡೆಯುತ್ತಿದೆ. ಟಿವಿ ಇಟ್ಟರೆ ಮೇಷ್ಟ್ರು ಬೇಡ ಅಂತ ಅಲ್ಲಿ ಯಾರೂ ಅಂದುಕೊಳ್ಳಲಿಲ್ಲ, ಗಮನಿಸಿ.

ಎಲ್ಲ ತರಗತಿಗಳನ್ನೂ ಒಟ್ಟಿಗೆ ಶುರು ಮಾಡಿದರೆ ಬೇಗ ಬೆಳೆಯುವುದಿಲ್ವಾ?

ಮಾಡಬೇಡಿ. ಮೇಲಿನ ತರಗತಿಗೆ ಬರುವವರು ಬೇರೆ ಶಾಲೆಯಲ್ಲಿ ಏನೋ ತೊಂದರೆಯಾಗಿ ಬಂದವರೇ ಜಾಸ್ತಿ. ಅವರಿಗೂ ಶಾಲೆ ಬೇಕು, ನಿಜ. ಆದರೆ ನಿಮ್ಮ ಮೇಷ್ಟ್ರುಗಳು ಒಬ್ಬರಿಗೊಬ್ಬರು ಪರಿಚಯ ಆಗುವ ಮೊದಲೇ ಪಬ್ಲಿಕ್ ಪರೀಕ್ಷೆ ತಲೆ ಮೇಲೆ ಬಂದು ಕೂರುತ್ತದೆ. ಕೆಳಗಿನ ಒಂದು ತರಗತಿಯಿಂದ ಶುರು ಮಾಡಿ, ವರ್ಷಕ್ಕೊಂದು ಮೇಲೆ ಸೇರಿಸಿ. ಡೆನ್ಮಾರ್ಕಿನ ಅನುದಾನದ ನಿಯಮವೂ ಇದನ್ನು ಒಪ್ಪುತ್ತದೆ. ಹೊಸ ಶಾಲೆಗೆ ಮೊದಲ ವರ್ಷ ಕಡಿಮೆ ಮಕ್ಕಳಿದ್ದರೂ ಸಾಕು, ಮುಂದಿನ ವರ್ಷಗಳಲ್ಲಿ ಸಂಖ್ಯೆ ಏರಬೇಕು.

ದುಡ್ಡು ಎಷ್ಟು ಕೈಲಿರಬೇಕು?

ಒಂದು ಇಡೀ ವರ್ಷದ ಸಂಬಳ ಬ್ಯಾಂಕಿನಲ್ಲಿ ಇರದೆ ಮೊದಲ ಮಗುವನ್ನು ಸೇರಿಸಿಕೊಳ್ಳಬೇಡಿ. ಫೀಸು ಬಂದ ಮೇಲೆ ಸಂಬಳ ಕೊಡೋಣ ಅನ್ನುವ ಲೆಕ್ಕ ಜೂನಿನಲ್ಲಿ ಚೆನ್ನಾಗಿ ಕಾಣುತ್ತದೆ, ನವೆಂಬರಿನಲ್ಲಿ ಕಾಣುವುದಿಲ್ಲ. ಸಂಬಳ ಎರಡು ತಿಂಗಳು ತಡವಾದರೆ ಮೊದಲು ಬಿಟ್ಟು ಹೋಗುವವರು ಒಳ್ಳೆಯ ಮೇಷ್ಟ್ರು. ಅವರಿಗೆ ಬೇರೆ ಕಡೆ ಕೆಲಸ ಸಿಗುತ್ತದೆ.

ದೊಡ್ಡ ದಾನ ಒಂದೇ ಸಲ ಬರುವುದಕ್ಕಿಂತ ಸಣ್ಣ ದಾನ ತಿಂಗಳು ತಿಂಗಳು ಬರುವುದು ಮೇಲು. ರಯತ್ ಸಂಸ್ಥೆಯ ಮುಷ್ಟಿ ಧಾನ್ಯದ ಜಾಣತನ ಅಲ್ಲಿತ್ತು. ಒಂದು ಮುಷ್ಟಿ ಕೊಟ್ಟ ಮನೆಯವರೂ ಇದು ನಮ್ಮ ಶಾಲೆ ಅನ್ನಬಹುದು. ನೂರು ಮನೆಯವರು ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಹಾಕಿದರೆ ನೂರು ಜನ ಲೆಕ್ಕ ಕೇಳುತ್ತಾರೆ. ಅದು ಕಿರಿಕಿರಿ ಅನಿಸಬಹುದು, ಅನಿಸಲಿ ಬಿಡಿ.

ಒಬ್ಬರು ಜಾಗ ದಾನ ಕೊಡುತ್ತಾರಂತೆ. ತಗೊಳ್ಳಬಹುದಾ?

ಪತ್ರ ಶಾಲೆಯ ಟ್ರಸ್ಟ್ ಅಥವಾ ಸಂಘದ ಹೆಸರಿಗೆ ನೋಂದಣಿ ಆಗುವವರೆಗೂ ಒಂದು ಇಟ್ಟಿಗೆ ಇಡಬೇಡಿ. ಬಾಯಿಮಾತಿನ ದಾನ ಕೊಟ್ಟವರ ಕಾಲಕ್ಕೆ ಮುಗಿಯುತ್ತದೆ, ಆಮೇಲೆ ಅವರ ಮಕ್ಕಳು ಬಂದು ಬೇಲಿ ಹಾಕುತ್ತಾರೆ. ಮಳೆಗಾಲದಲ್ಲಿ ಒಮ್ಮೆ ಹೋಗಿ ಜಾಗ ನೋಡಿ. ದಾನಕ್ಕೆ ಬರುವ ಜಾಗ ಎಷ್ಟೋ ಸಲ ನೀರು ನಿಲ್ಲುವ ಜಾಗವೇ ಆಗಿರುತ್ತದೆ.

ಕಮಿಟಿಯಲ್ಲಿ ಯಾರಿರಬೇಕು?

ಓದುವ ಮಕ್ಕಳ ತಂದೆ ತಾಯಿ ಅರ್ಧದಷ್ಟಾದರೂ ಇರಲಿ, ಅದರಲ್ಲೂ ಅಮ್ಮಂದಿರು. ಲೆಕ್ಕಪತ್ರ ಬಲ್ಲವರು ಒಬ್ಬರು. ಪಾಠ ಮಾಡಿ ನಿವೃತ್ತರಾದವರು ಒಬ್ಬರು, ಇಬ್ಬರು ಬೇಡ. ಇಬ್ಬರಿದ್ದರೆ ಈಗಿನ ಹೆಡ್‌ಮಾಸ್ಟರಿಗೆ ಕೆಲಸ ಮಾಡಲು ಬಿಡುವುದಿಲ್ಲ.

ಚೆಕ್ಕಿಗೆ ಎರಡು ಸಹಿ ಇರಲಿ, ಒಂದೇ ಮನೆಯವರದ್ದಾಗಬಾರದು. ಕಮಿಟಿಯವರ ಅಂಗಡಿಯಿಂದ ಸಿಮೆಂಟು ತಗೊಳ್ಳುವುದಾದರೆ ಅವರು ಆ ದಿನ ಸಭೆಯಿಂದ ಎದ್ದು ಹೊರಗೆ ಹೋಗಲಿ. ತಿಂಗಳ ಜಮಾ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನೋಟೀಸ್ ಬೋರ್ಡಿಗೆ ಅಂಟಿಸಿ. ಓದುವವರು ಕಡಿಮೆ ಇರಬಹುದು. ಅಂಟಿಸದೇ ಹೋದ ತಿಂಗಳು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

ಹೆಡ್‌ಮಾಸ್ಟರ್ ಯಾವಾಗ ಬರಬೇಕು?

ಶಾಲೆ ತೆರೆಯುವುದಕ್ಕೆ ಆರು ತಿಂಗಳಾದರೂ ಮೊದಲು. ಉಳಿದ ಮೇಷ್ಟ್ರುಗಳನ್ನು ಆರಿಸುವಾಗ ಅವರೂ ಕೂತಿರಬೇಕು. ಕಮಿಟಿ ಆರಿಸಿದ ಮೇಷ್ಟ್ರುಗಳ ಮೇಲೆ ಹೆಡ್‌ಮಾಸ್ಟರನ್ನು ತಂದು ಕೂರಿಸಿದರೆ, ಪ್ರತಿ ಮೇಷ್ಟ್ರ ಹಿಂದೆ ಕಮಿಟಿಯ ಒಬ್ಬೊಬ್ಬರು ನಿಂತಿರುತ್ತಾರೆ.

ಮಾನ್ಯತೆ ಆಮೇಲೆ ಮಾಡಿಸಿಕೊಂಡರೆ ನಡೆಯುತ್ತದಾ?

ಇಲ್ಲ. ದೇಶ ದೇಶಕ್ಕೆ ನಿಯಮ ಬೇರೆ, ಆದರೆ ಪರೀಕ್ಷಾ ಮಂಡಳಿಗೆ ಗೊತ್ತಿಲ್ಲದ ಶಾಲೆಯ ಮಗು ಕೊನೆಗೆ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಎಲ್ಲ ಕಡೆ ಒಂದೇ. ಮೂರು ವರ್ಷ ಓದಿ, ಪರೀಕ್ಷೆಗೆ ಎರಡು ತಿಂಗಳಿರುವಾಗ ಹೆಸರು ನೋಂದಾಯಿಸಲು ಆಗುವುದಿಲ್ಲ ಅಂದರೆ ಆ ಮಗುವಿನ ಮುಖ ನೋಡುವವರು ಯಾರು? ಮೊದಲ ದಿನದಿಂದಲೇ ದಾಖಲಾತಿ ಪುಸ್ತಕ, ಹಾಜರಿ, ಹಿಂದಿನ ಶಾಲೆಯ ಟಿ.ಸಿ. ಸರಿಯಾಗಿ ಇಡಿ. ಹುಟ್ಟಿದ ತಾರೀಕು, ಹೆಸರಿನ ಕಾಗುಣಿತ ಎರಡು ಸಲ ನೋಡಿ. ದಾಖಲಾತಿ ಪುಸ್ತಕದಲ್ಲಿ ತಪ್ಪಿದ ಒಂದಕ್ಷರ ಆ ಮಗುವಿನ ಅಂಕಪಟ್ಟಿಗೆ, ಅಲ್ಲಿಂದ ಕೆಲಸದ ಅರ್ಜಿಗೆ, ಪಾಸ್‌ಪೋರ್ಟಿಗೆ ಹೋಗುತ್ತದೆ.

ಹೆಣ್ಣುಮಕ್ಕಳು ಬರುತ್ತಾರಾ?

ದಾರಿ ಸರಿ ಇದ್ದರೆ, ಶೌಚಾಲಯ ಸರಿ ಇದ್ದರೆ ಬರುತ್ತಾರೆ. ಬಿಹಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಳೆದು ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದು ಪಾಲಿನಷ್ಟು ಏರಿತ್ತು. ಹೈಸ್ಕೂಲು ದೂರ ಇದ್ದ ಹಳ್ಳಿಗಳಲ್ಲಿ ಏರಿಕೆ ಇನ್ನೂ ಜಾಸ್ತಿ. ಮನಸ್ಸಿಲ್ಲ ಅಂತ ನಾವು ಅಂದುಕೊಂಡ ಎಷ್ಟೋ ಕಡೆ ತೊಂದರೆ ಇದ್ದದ್ದು ಮೂರು ಕಿಲೋಮೀಟರ್ ದಾರಿಯಲ್ಲಿ.

ಶೌಚಾಲಯದ ಬಗ್ಗೆ: ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿ, ನಲ್ಲಿಯಲ್ಲಿ ನೀರು ಇರಲಿ, ಮುಚ್ಚಳ ಇರುವ ಕಸದ ಬುಟ್ಟಿ ಇರಲಿ. ಬೀಗದ ಕೈ ಆಫೀಸಿನ ಮೊಳೆಗೆ ನೇತುಹಾಕಬೇಡಿ. ಹದಿನಾಲ್ಕು ವರ್ಷದ ಹುಡುಗಿ ಆಫೀಸಿಗೆ ಬಂದು, ಎಲ್ಲರ ಮುಂದೆ ಆ ಕೀ ಕೇಳುವುದಿಲ್ಲ. ಸುಮ್ನೆ ಮನೆಯಲ್ಲೇ ಉಳಿಯುತ್ತಾಳೆ.

ಲ್ಯಾಬು, ಲೈಬ್ರರಿ ಮೊದಲ ವರ್ಷವೇ ಬೇಕಾ?

ಲೈಬ್ರರಿ ಬೇಕು, ಒಂದು ಕಪಾಟಾದರೂ ಸಾಕು, ಬೀಗ ಬೇಡ. ಲ್ಯಾಬಿಗೆ ಗಟ್ಟಿ ಮೇಜು, ನೀರು, ಗಾಳಿ ಬರುವ ಕಿಟಕಿ ಇದ್ದರೆ ಶುರು ಮಾಡಬಹುದು. ಒಂದು ಶಾಲೆಯಲ್ಲಿ ಬೀರು ತೆಗೆಸಿದಾಗ ಬೀಕರುಗಳು ಇನ್ನೂ ಹುಲ್ಲಿನಲ್ಲೇ ಸುತ್ತಿಕೊಂಡಿದ್ದವು. ಒಡೆದರೆ ಯಾರು ಹೊಣೆ ಅಂತ ಯಾರೂ ಮುಟ್ಟಿರಲಿಲ್ಲ. ವರ್ಷಕ್ಕೆ ಇಷ್ಟು ಗಾಜು ಒಡೆಯುತ್ತದೆ ಅಂತ ಬಜೆಟ್ಟಿನಲ್ಲೇ ಬರೆದುಬಿಡಿ.

ಕಟ್ಟುವ ಕೆಲಸಕ್ಕೆ ಮಕ್ಕಳನ್ನೂ ಸೇರಿಸಿಕೊಳ್ಳಬಹುದಾ?

ಇದಕ್ಕೆ ಬೋಟ್ಸ್‌ವಾನಾದ ಕಥೆ ಹೇಳಬೇಕು. ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್ ಅನ್ನುವವರು ದಕ್ಷಿಣ ಆಫ್ರಿಕಾದ ರಾಜತಾಂತ್ರಿಕ ಹುದ್ದೆಯಲ್ಲಿದ್ದರು. ವರ್ಣಭೇದ ನೀತಿಯನ್ನು ಒಪ್ಪದೆ ಕೆಲಸ ಬಿಟ್ಟರು. 1963ರಲ್ಲಿ ಸೆರೋವೆ ಅನ್ನುವ ಊರಿನಲ್ಲಿ ಸ್ವಾನೆಂಗ್ ಹಿಲ್ ಹೈಸ್ಕೂಲು ತೆರೆದರು. ದುಡ್ಡು ಕಡಿಮೆ. ಮಕ್ಕಳು, ಮೇಷ್ಟ್ರು, ಸ್ವಯಂಸೇವಕರು ಸೇರಿ ಕೋಣೆಗಳನ್ನು ಕಟ್ಟಿದರು. ಎರಡು ವರ್ಷದಲ್ಲಿ ಅದರಿಂದಲೇ ‘ಬ್ರಿಗೇಡ್’ ಅನ್ನುವ ಹೊಸ ವ್ಯವಸ್ಥೆ ಹುಟ್ಟಿತು. ಪ್ರಾಥಮಿಕ ಶಾಲೆ ಮುಗಿಸಿ ಹೈಸ್ಕೂಲಿನಲ್ಲಿ ಸೀಟು ಸಿಗದ ಹುಡುಗರು ಗಾರೆ ಕೆಲಸ, ಬೇಸಾಯ ಕಲಿಯುತ್ತಾ, ಆ ಕೆಲಸದ ದುಡಿಮೆಯಿಂದಲೇ ತರಬೇತಿಯ ಖರ್ಚು ತೂಗಿಸಿಕೊಳ್ಳುವ ಏರ್ಪಾಡು ಅದು. ದೇಶದ ಬೇರೆ ಊರುಗಳಿಗೂ ಹಬ್ಬಿತು.

ನನಗೆ ಈ ಕಥೆ ಇಷ್ಟ, ಆದರೂ ಒಂದು ಎಚ್ಚರಿಕೆ ಇದೆ. ಅಲ್ಲಿ ಸ್ಥಾಪಕರೂ ಮಕ್ಕಳ ಜೊತೆ ಇಟ್ಟಿಗೆ ಹೊರುತ್ತಿದ್ದರು. ಮೇಷ್ಟ್ರು ಕುರ್ಚಿಯಲ್ಲಿ ಕೂತು, ಬಡವರ ಮಕ್ಕಳು ಮಾತ್ರ ಮಣ್ಣು ಹೊರುವುದಾದರೆ ಅದಕ್ಕೆ ಬೇರೆ ಹೆಸರಿದೆ.

ಮೊದಲ ಬ್ಯಾಚಿನ ರಿಸಲ್ಟ್ ಕೆಟ್ಟರೆ?

ಕೆಡುವ ಸಾಧ್ಯತೆ ಇದೆ. ಮೊದಲ ಬ್ಯಾಚಿನ ಮಕ್ಕಳ ಕೈಲಿ ಹಳೆಯ ನೋಟ್ಸ್ ಇರುವುದಿಲ್ಲ, ಕೇಳಲು ಸೀನಿಯರ್‌ಗಳೂ ಇರುವುದಿಲ್ಲ. ಆಗ ಕಮಿಟಿಯವರು ಮಾಡುವ ತಪ್ಪು ಒಂದೇ: ಮುಂದಿನ ವರ್ಷ ದುರ್ಬಲ ಮಕ್ಕಳನ್ನು ಪರೀಕ್ಷೆಗೆ ಮೊದಲೇ ಹೊರಗೆ ಹಾಕುವುದು. ಶೇಕಡಾವಾರು ಏರುತ್ತದೆ. ಯಾವ ಮಕ್ಕಳಿಗಾಗಿ ಮನೆ ಮನೆ ತಿರುಗಿ ನಾಲ್ಕು ಕಾಲಂ ಬರೆದಿರೋ, ಅದೇ ಮಕ್ಕಳು ಬೀದಿಗೆ ಬರುತ್ತಾರೆ.

ಯಾವಾಗ ದೊಡ್ಡದು ಮಾಡಬೇಕು?

ಒತ್ತಡ ಬೇಗ ಬರುತ್ತದೆ. ಎರಡನೇ ಸೆಕ್ಷನ್ ತೆರೆಯಿರಿ, ಮೇಲಿನ ತರಗತಿಗಳನ್ನೂ ತನ್ನಿ ಅಂತ ಜನ ಕೇಳುತ್ತಾರೆ. ಮೂರೂ ತರಗತಿಗೆ ಎರಡೆರಡು ಸೆಕ್ಷನ್ ಅಂದರೆ 240 ಪೀರಿಯಡ್, ಐದು ಜನ ಮೇಷ್ಟ್ರು ಒಂಬತ್ತಾಗಬೇಕು. ಒಂದೇ ವರ್ಷ ನಾಲ್ಕು ಹೊಸ ಮೇಷ್ಟ್ರು ಬಂದರೆ ಅದು ಹಳೆಯ ಶಾಲೆಯಾಗಿ ಉಳಿಯುವುದಿಲ್ಲ. ಕೆಳಗಿನ ತರಗತಿಯಿಂದ ಒಂದೊಂದೇ ಸೆಕ್ಷನ್ ಸೇರಿಸುತ್ತಾ ಬನ್ನಿ.

ಬೆಳೆಯುವುದಕ್ಕೆ ಇನ್ನೊಂದು ದಾರಿ ಇದೆ, ಅದರ ಕಡೆ ನೋಡುವವರು ಕಡಿಮೆ. ಇಂಗ್ಲೆಂಡಿನ ಕೇಂಬ್ರಿಜ್‌ಷೈರಿನಲ್ಲಿ ಹೆನ್ರಿ ಮಾರಿಸ್ ಅನ್ನುವ ಶಿಕ್ಷಣಾಧಿಕಾರಿ ಹಳ್ಳಿ ಕಾಲೇಜು ಅನ್ನುವ ಯೋಜನೆ ಹಾಕಿದರು. ಮೊದಲನೆಯದು 1930ರಲ್ಲಿ ಸಾಸ್ಟನ್ ಊರಿನಲ್ಲಿ ಶುರುವಾಯಿತು. ಹಗಲು ಮಕ್ಕಳಿಗೆ ಪ್ರೌಢಶಾಲೆ, ಸಂಜೆ ಅದೇ ಕಟ್ಟಡ ದೊಡ್ಡವರಿಗೆ. ಸಂಜೆ ದೀಪ ಉರಿಯುವ ಶಾಲೆಗೆ ದೇಣಿಗೆ ಕೇಳುವುದು ಸುಲಭ.

ಸರ್ಕಾರವೇ ಶಾಲೆಯನ್ನು ವಹಿಸಿಕೊಳ್ಳುತ್ತೇನೆ ಅಂದರೆ ಕೊಟ್ಟುಬಿಡಬಹುದಾ?

ಮೇಷ್ಟ್ರುಗಳು ಕೊಡಿ ಅನ್ನುತ್ತಾರೆ, ಸಂಬಳ ಸರಿಯಾಗಿ ಬರುತ್ತದೆ. ಪೋಷಕರೂ ಕೊಡಿ ಅನ್ನುತ್ತಾರೆ, ಫೀಸು ಹೋಗುತ್ತದೆ. ಎರಡೂ ನ್ಯಾಯವಾದ ಮಾತೇ. ಆದರೆ ನೇಪಾಳದಲ್ಲಿ ಏನಾಯಿತು ನೋಡಿ. ಊರವರು ನಡೆಸುತ್ತಿದ್ದ ಶಾಲೆಗಳನ್ನು 1971ರ ಯೋಜನೆಯಲ್ಲಿ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಜನ ನಿಧಾನವಾಗಿ ಹಿಂದೆ ಸರಿದರು. ಮೂವತ್ತು ವರ್ಷದ ನಂತರ ಅದೇ ಸರ್ಕಾರ ಶಾಲೆಗಳ ನಿರ್ವಹಣೆಯನ್ನು ಮತ್ತೆ ಸಮುದಾಯಕ್ಕೆ ಒಪ್ಪಿಸುವ ದಾರಿ ಹುಡುಕಿತು. ಸಂಬಳ ಸರ್ಕಾರದಿಂದ ಬರಲಿ, ಕಮಿಟಿಯೂ ಉಳಿಯಲಿ ಅನ್ನುವ ಒಪ್ಪಂದ ಸಿಗುವುದಾದರೆ ಅದಕ್ಕೆ ಪ್ರಯತ್ನಿಸಿ. ಸಿಗದಿದ್ದರೆ ಸಂಬಳವನ್ನೇ ಆರಿಸಿ ಅನ್ನುತ್ತೇನೆ ನಾನು. ಇದನ್ನು ಒಪ್ಪದವರು ಬಹಳ ಜನ ಇದ್ದಾರೆ.

ಶುರು ಮಾಡಿದವರು ಎಷ್ಟು ವರ್ಷ ಇರಬೇಕು?

ಮೊದಲ ಬ್ಯಾಚು ಮುಗಿಯುವವರೆಗೆ ಖಂಡಿತ. ಆಮೇಲೆ ಅಧ್ಯಕ್ಷರ ಅವಧಿ ಎಷ್ಟು ಅಂತ ಬೈಲಾದಲ್ಲಿ ಬರೆದಿದ್ದರೆ ಒಳ್ಳೆಯದು, ಯಾರೂ ಯಾರಿಗೂ ‘ಸಾಕು, ಇಳಿಯಿರಿ’ ಅನ್ನಬೇಕಾಗಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಕಮಿಟಿಯಲ್ಲಿ ಎರಡು ಜಾಗ ಮೀಸಲಿಡಿ. ಬಾಡಿಗೆ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಓದಿದ ಹುಡುಗಿ ಮುಂದೊಂದು ದಿನ ಆ ಕುರ್ಚಿಯಲ್ಲಿ ಕೂತು, ಈ ತಿಂಗಳ ಜಮಾ ಖರ್ಚಿನ ಹಾಳೆ ಯಾಕೆ ಅಂಟಿಸಿಲ್ಲ ಅಂತ ನಿಮ್ಮನ್ನೇ ಕೇಳಬಹುದು. ಉತ್ತರ ರೆಡಿ ಇಟ್ಟುಕೊಂಡಿರಿ.